ಖಾತ್ರಿ ಬಾಡಿಗೆಯ ಫ್ಲ್ಯಾಟ್: ಒಂದು ಆಫರ್ ಬಿಚ್ಚಿ ನೋಡುವ ಬಗೆ

ಕಲಬುರಗಿಯ ಸೇಡಂ ರಸ್ತೆ, ಹುಮ್ನಾಬಾದ್ ರಸ್ತೆ, ರಿಂಗ್ ರೋಡ್ ಕಡೆಯ ಹೊಸ ಅಪಾರ್ಟ್‌ಮೆಂಟಿನ ಪಾಂಪ್ಲೆಟ್ ಕೈಗೆ ಬಂದರೆ ಒಮ್ಮೆ ಗಮನಿಸಿ ನೋಡಿ. ಅಡುಗೆಮನೆ ಎಷ್ಟಗಲ, ನೀರು ಎಲ್ಲಿಂದ ಅನ್ನುವುದು ಎಲ್ಲೂ ಇರುವುದಿಲ್ಲ. ‘ತಿಂಗಳಿಗೆ 24,000 ಬಾಡಿಗೆ, 3 ವರ್ಷ ಖಾತ್ರಿ’ ಅನ್ನುವುದು ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ. ಎರಡು ಬೆಡ್‌ರೂಮ್, 1,200 ಚದರಡಿ, ಚದರಡಿಗೆ 4,000, ಒಟ್ಟು 48 ಲಕ್ಷ. ಬುಕ್ ಮಾಡಿದ ದಿನವೇ 36 ಚೆಕ್ ಕೈಗೆ. ಜೊತೆಗೆ ಏಜೆಂಟನ ಮಾತು: ‘ಇವತ್ತ ಐವತ್ತು ಸಾವಿರ ಬಯಾನಾ ಕೊಡ್ರಿ ಸರ್, ಸೋಮವಾರದಿಂದ ರೇಟ್ ಹೆಚ್ಚಾಗ್ತದ.’

ಇಂಥ ಆಫರ್ ಕೈಗೆ ಬಂದಾಗ ನಾವು ಯಾವ ಸಾಲಿನಲ್ಲಿ ಏನೇನು ನೋಡುತ್ತೇವೆ ಅನ್ನುವುದನ್ನು ಇಲ್ಲಿ ಬರೆದಿದ್ದೇವೆ. ಮೇಲಿನ ಬೆಲೆ, ಬಾಡಿಗೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡ ಉದಾಹರಣೆ. ಕಾಯ್ದೆಯ ಮತ್ತು ತೆರಿಗೆಯ ಅಂಕಿಗಳು ಇರುವಂಥವೇ.

ಹೆಚ್ಚಿನವರು ಮೊದಲು ವಕೀಲರ ಹತ್ತಿರ ಓಡುತ್ತಾರೆ. ಅದಕ್ಕೆ ಮುಂಚೆ ಒಂದು ಹಾಳೆ, ಒಂದು ಪೆನ್ನು ಸಾಕು. ಬೆಲೆಯ ಲೆಕ್ಕವೇ ಕೂಡದಿದ್ದರೆ ಪಹಣಿ, ಖಾತಾ ನೋಡುವ ಖರ್ಚು ಯಾಕೆ?

24,000ವನ್ನು 36ರಿಂದ ಗುಣಿಸಿದರೆ 8.64 ಲಕ್ಷ. ಇದು ಬಿಲ್ಡರ್ ಮೂರು ವರ್ಷದಲ್ಲಿ ಕೊಡಬೇಕಾದ ರೊಕ್ಕ. ಈಗ ಅದೇ ರಸ್ತೆಯಲ್ಲಿ ಬಾಡಿಗೆಯ ಆಸೆ ತೋರಿಸದೆ ಮಾರುತ್ತಿರುವ, ಅಷ್ಟೇ ಅಳತೆಯ ಫ್ಲ್ಯಾಟಿನ ದರ ಕೇಳಬೇಕು. ಅಲ್ಲಿ ಚದರಡಿಗೆ 3,250 ಅಂದರೆ 39 ಲಕ್ಷ. ವ್ಯತ್ಯಾಸ 9 ಲಕ್ಷ. ಗುಟ್ಟು ಅಲ್ಲೇ ಇದೆ: ಕೊಳ್ಳುವವನಿಂದ 9 ಲಕ್ಷ ಹೆಚ್ಚಿಗೆ ತೆಗೆದುಕೊಂಡು, ಅದನ್ನೇ ಮೂರು ವರ್ಷ ಕಂತಿನಲ್ಲಿ ‘ಬಾಡಿಗೆ’ ಅಂತ ವಾಪಸ್ ಕೊಡುತ್ತಾರೆ. ಬಡ್ಡಿಯಿಲ್ಲದ ಸಾಲ ಬಿಲ್ಡರ್‌ಗೆ, ಅದರ ಇಎಂಐ ನಿಮಗೆ.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಕಲಬುರಗಿಯಂಥ ಮೆಟ್ರೊ ಅಲ್ಲದ ಊರಿನಲ್ಲಿ ಕಾರ್ಪೆಟ್ ವಿಸ್ತೀರ್ಣ (ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ) 90 ಚದರ ಮೀಟರ್ ಒಳಗಿದ್ದು, ಒಟ್ಟು ಬೆಲೆ 45 ಲಕ್ಷ ದಾಟದಿದ್ದರೆ, ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ 1%. ದಾಟಿದರೆ 5%. ಮುದ್ರಾಂಕ ಶುಲ್ಕಕ್ಕೂ ಅದೇ ಗೆರೆ: ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ 20 ಲಕ್ಷದ ಮೇಲೆ 45 ಲಕ್ಷದವರೆಗೆ 3%, ಅದರಾಚೆ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%. ಹಾಗಾಗಿ 39 ಲಕ್ಷದ ಫ್ಲ್ಯಾಟಿಗೆ ಈ ಮೂರೂ ಸೇರಿ ಸುಮಾರು 2.48 ಲಕ್ಷವಾದರೆ, 48 ಲಕ್ಷದ್ದಕ್ಕೆ 6.05 ಲಕ್ಷ. ಬೆಲೆ ಉಬ್ಬಿಸಿದ ಒಂದೇ ಕಾರಣಕ್ಕೆ ಮೂರೂವರೆ ಲಕ್ಷ ಸರ್ಕಾರಕ್ಕೆ ಹೋಯಿತು. ಅದು ಯಾವ ಬಾಡಿಗೆಯಲ್ಲೂ ಮರಳುವುದಿಲ್ಲ. ಪಾರ್ಕಿಂಗ್, ಕ್ಲಬ್, ಮುಂಗಡ ಮೇಂಟೆನೆನ್ಸ್ ಅಂತ ಇನ್ನೊಂದು ಎರಡೂವರೆ ಲಕ್ಷ ಸೇರಿಸಿ 50 ಲಕ್ಷ ಮುಟ್ಟಿದರೆ 1% ಟಿಡಿಎಸ್ ಮುರಿದು ಕಟ್ಟುವ ಜವಾಬ್ದಾರಿಯೂ ಕೊಳ್ಳುವವನದೇ. ಅದನ್ನು ಮರೆತವರಿಗೆ ಬಡ್ಡಿ ಸಮೇತ ನೋಟಿಸ್ ಬರುತ್ತದೆ.

ಇನ್ನು 37ನೇ ತಿಂಗಳ ಲೆಕ್ಕ. ಅಲ್ಲೇ ಪಕ್ಕದ ಕಟ್ಟಡದಲ್ಲಿ ಬಾಡಿಗೆಗಿರುವವರನ್ನು ಕೇಳಿದರೆ 11,000 ಅನ್ನುತ್ತಾರೆ ಅಂದುಕೊಳ್ಳೋಣ. ವರ್ಷಕ್ಕೆ 1.32 ಲಕ್ಷ. ಚದರಡಿಗೆ ಎರಡು ರೂಪಾಯಿಯಂತೆ ಮೇಂಟೆನೆನ್ಸ್ 28,800, ಆಸ್ತಿ ತೆರಿಗೆಗೆ ಒಂದು 6,000, ವರ್ಷಕ್ಕೊಂದು ತಿಂಗಳು ಖಾಲಿ ಬಿದ್ದರೆ 11,000 ಕಳೆದರೆ ಉಳಿಯುವುದು 86,200. ಎಲ್ಲ ಖರ್ಚು ಸೇರಿ 54 ಲಕ್ಷ ಹಾಕಿದವನಿಗೆ ಇದು 1.6%. ಅದರಲ್ಲಿ 36 ಲಕ್ಷ ಸಾಲ ತೆಗೆದು, ಎಂಟೂವರೆ ಪರ್ಸೆಂಟಿಗೆ 20 ವರ್ಷ ಅಂದರೆ ಇಎಂಐ ಸುಮಾರು 31,240. ಖರ್ಚು ಕಳೆದು ಉಳಿದ ಬಾಡಿಗೆ ಅದರ ಕಾಲು ಭಾಗವನ್ನೂ ತುಂಬುವುದಿಲ್ಲ. ‘ವಿಮಾನ ನಿಲ್ದಾಣ ಬಂದದ, ಸೆಂಟ್ರಲ್ ಯುನಿವರ್ಸಿಟಿ ಅದ, ಹೈಕೋರ್ಟ್ ಪೀಠ ಅದ, ಬಾಡಿಗಿ ಏರೂದೇ’ ಅನ್ನುವ ಮಾತಿಗೆ ಉತ್ತರ ಸುಲಭ. ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರಿನಲ್ಲಿ, ಪೀಠ ಕಾಯಂ ಆದದ್ದು 2013ರಲ್ಲಿ. ಅವುಗಳಿಂದ ಏರಬೇಕಾದದ್ದು ಇವತ್ತಿನ 11,000ದಲ್ಲಿ ಸೇರಿಯೇ ಇದೆ. ವಿಶ್ವವಿದ್ಯಾಲಯವಂತೂ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಸೇಡಂ ರಸ್ತೆಯ ಫ್ಲ್ಯಾಟಿಗೆ ಅಲ್ಲಿನ ಬಾಡಿಗೆದಾರರು ಯಾಕೆ ಬರುತ್ತಾರೆ?

ಇಷ್ಟಾದ ಮೇಲೂ ಬೆಲೆ ಇಳಿಸಿ ಮಾತಾಡಲು ಜಾಗ ಇದೆ ಅನ್ನಿಸಿದರೆ ಮುಂದಿನ ಕೆಲಸ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮತ್ತು ಅದರ ಪ್ರಾಧಿಕಾರ. 2016ರ ಕಾಯ್ದೆಯ 3ನೇ ಕಲಂ ಪ್ರಕಾರ ನೋಂದಣಿಯಾಗದ ಯೋಜನೆಯ ಜಾಹೀರಾತು ಕೊಡುವುದೂ ತಪ್ಪು, ಬುಕಿಂಗ್ ತೆಗೆದುಕೊಳ್ಳುವುದೂ ತಪ್ಪು. ಹಾಗಾಗಿ ‘ಪ್ರೀ ಲಾಂಚ್ ಆಫರ್’ ಅನ್ನುವ ಮಾತು ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಪಾಂಪ್ಲೆಟಿನಲ್ಲಿ ಸಂಖ್ಯೆ ಇದ್ದರೂ ಅಕ್ಷರ ನೋಡಬೇಕು. ಕರ್ನಾಟಕದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಅಂತ ಶುರುವಾಗಿ ನಡುವೆ ‘ಪಿಆರ್’ ಇರುತ್ತದೆ. ‘ಎಜಿ’ ಇದ್ದರೆ ಅದು ಏಜೆಂಟನ ನೋಂದಣಿ, ಕಟ್ಟಡದ್ದಲ್ಲ. ‘ಎಸಿಕೆ’ ಅಂತ ಶುರುವಾದರೆ ಬರೀ ಅರ್ಜಿ ಹಾಕಿದ ರಸೀದಿ. ಈ ಎರಡನ್ನೂ ‘ರೇರಾ ನಂಬರ್ ಅದ ನೋಡ್ರಿ’ ಅಂತ ತೋರಿಸುವವರಿದ್ದಾರೆ.

ರೇರಾ ಜಾಲತಾಣದಲ್ಲಿ ಯೋಜನೆಯ ಪುಟ ತೆರೆದು ನಾಲ್ಕು ವಿಷಯ ಬರೆದುಕೊಳ್ಳಬೇಕು: ಮುಗಿಸುವುದಾಗಿ ಹೇಳಿದ ದಿನಾಂಕ, ಮಂಜೂರಾದ ಮಹಡಿ ಎಷ್ಟು, ರೊಕ್ಕ ಜಮಾ ಆಗಬೇಕಾದ ಬ್ಯಾಂಕ್ ಖಾತೆ, ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ. ಏಜೆಂಟ್ ‘ಮುಂದಿನ ದಸರಾಕ್ಕೆ ಕೀಲಿ’ ಅನ್ನುತ್ತಿದ್ದಾಗ ಅಲ್ಲಿ ಎರಡು ವರ್ಷ ಆಚೆಯ ದಿನಾಂಕ ಇದ್ದರೆ ಕಾನೂನಿಗೆ ಲೆಕ್ಕ ಎರಡನೆಯದೇ. ವರದಿ ನಿಂತುಹೋಗಿದ್ದರೆ ಕೆಲಸವೂ ನಿಂತಿರುತ್ತದೆ. ಸೈಟಿಗೆ ಹೋದಾಗ ತುಕ್ಕು ಹಿಡಿದ ಸಲಾಕಿ ಅದನ್ನೇ ಹೇಳುತ್ತದೆ.

ನಮ್ಮ ಊರಿನಲ್ಲಿ ದೊಡ್ಡ ತೊಡಕು ಬೇರೆ ಕಡೆ ಇದೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಲ್ಲ ಹಂತ ಸೇರಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇಲ್ಲದಿದ್ದರೆ ರೇರಾ ನೋಂದಣಿ ಬೇಕಿಲ್ಲ. 60×80 ಪ್ಲಾಟ್ ಅಂದರೆ 4,800 ಚದರಡಿ, ಅಂದರೆ 446 ಚದರ ಮೀಟರ್. ಇಲ್ಲಿನ ಎಷ್ಟೋ ಚಿಕ್ಕ ಅಪಾರ್ಟ್‌ಮೆಂಟ್‌ಗಳು ಇದರೊಳಗೇ ಬರುತ್ತವೆ. ಅವೆಲ್ಲ ಮೋಸ ಅಂತಲ್ಲ. ಆದರೆ 70% ರೊಕ್ಕ ಪ್ರತ್ಯೇಕ ಖಾತೆಯಲ್ಲಿಡುವ ಕಟ್ಟುಪಾಡು ಅಲ್ಲಿಲ್ಲ, ತಕರಾರು ಬಂದರೆ ಗ್ರಾಹಕ ಆಯೋಗ ಇಲ್ಲವೇ ಸಿವಿಲ್ ಕೋರ್ಟಿನ ದಾರಿ. ಅಂಥ ಕಟ್ಟಡ ಪೂರ್ತಿ ಎದ್ದು, ಸ್ವಾಧೀನ ಪತ್ರ (ಒಸಿ, ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಬಂದ ಮೇಲೆ ಕೊಳ್ಳುವುದೇ ಲೇಸು. ಆಗ ಜಿಎಸ್‌ಟಿಯೂ ಇರುವುದಿಲ್ಲ. ಒಂದೇ ದೊಡ್ಡ ಜಾಗವನ್ನು ಎ ಬ್ಲಾಕ್, ಬಿ ಬ್ಲಾಕ್ ಅಂತ ಎಂಟೆಂಟು ಫ್ಲ್ಯಾಟಿಗೆ ಕತ್ತರಿಸಿ ‘ನಮಗ ರೇರಾ ಬೇಕಾಗಿಲ್ರಿ’ ಅಂದರೆ ಮಾತ್ರ ಅದು ನುಣುಚಿಕೊಳ್ಳುವ ದಾರಿ. ಕಾಯ್ದೆ ಎಲ್ಲ ಹಂತಗಳನ್ನು ಕೂಡಿಸಿಯೇ ಎಣಿಸುತ್ತದೆ.

ಜಮೀನಿನ ಕಾಗದಕ್ಕೆ ಬಂದರೆ ಈ ಭಾಗದ ಕಷ್ಟವೇ ಬೇರೆ. ‘ಎನ್‌ಎ ಆಗ್ಯದ’ (ಕೃಷಿಯೇತರ ಆಗಿದೆ) ಅನ್ನುವ ಮಾತನ್ನು ಅಲ್ಲಿಗೇ ನಂಬದೆ ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶದ ಪ್ರತಿ ಕೇಳಬೇಕು. ಅದರಲ್ಲಿ ಸರ್ವೆ ನಂಬರ್, ಹಿಸ್ಸಾ, ಎಷ್ಟು ಗುಂಟೆ, ವಸತಿಗೋ ವಾಣಿಜ್ಯಕ್ಕೋ ಅನ್ನುವುದು ಬರೆದಿರುತ್ತದೆ. ನಾಲ್ಕು ಎಕರೆಯಲ್ಲಿ ಎರಡಕ್ಕೆ ಮಾತ್ರ ಪರಿವರ್ತನೆ ಆಗಿದ್ದು, ಕಟ್ಟಡ ಉಳಿದ ಎರಡರಲ್ಲಿ ನಿಂತಿರಬಹುದು. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ನಕ್ಷೆ. ಕಟ್ಟಡದ ಜಾಗ ಆ ನಕ್ಷೆಯಲ್ಲಿ ಉದ್ಯಾನ ಅಥವಾ ಸಿಎ ಸೈಟ್ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಆಗಿದ್ದರೆ ಮಾತು ಮುಗಿಯಿತು. ಊರ ಹೊರಗೆ ಪಂಚಾಯಿತಿ ಹದ್ದಿನಲ್ಲಿ ಆಸ್ತಿ ಪತ್ರವಾಗಿ ನಮೂನೆ ‘11ಎ’ ಬದಲು ‘11ಬಿ’ ತೋರಿಸಿದರೆ, ಅಲ್ಲಿ ಲೇಔಟ್ ಮಂಜೂರಾತಿ ಇಲ್ಲ ಅಂತಲೇ ತಿಳಿಯಬೇಕು. ಪಾಲಿಕೆಯ ಹದ್ದಿನಲ್ಲಿ ಬಿ ಖಾತಾ ಅಂದರೂ ಹತ್ತಿರಹತ್ತಿರ ಅದೇ ಅರ್ಥ: ತೆರಿಗೆ ಕಟ್ಟಿಸಿಕೊಂಡಿದ್ದಾರೆ, ಮಂಜೂರಾತಿ ಕೊಟ್ಟಿಲ್ಲ.

ಋಣಭಾರ ಪತ್ರದಲ್ಲಿ (ಇಸಿ, ಆಸ್ತಿಯ ಮೇಲಿನ ಮಾರಾಟ, ಅಡಮಾನಗಳ ಪಟ್ಟಿ) ಮೋಸ ಹೋಗುವವರು ಬಹಳ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹುಡುಕಿದಾಗ ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ‘ನಿಲ್ ಬಂದದ, ಕ್ಲೀನ್ ಅದ’ ಅಂತ 16 ತೋರಿಸುತ್ತಾರೆ. ಆದರೆ ಒಂದೇ ಜಮೀನು ಕಾಲಕಾಲಕ್ಕೆ ಸರ್ವೆ ನಂಬರ್, ಪ್ಲಾಟ್ ನಂಬರ್, ಪಾಲಿಕೆ ನಂಬರ್ ಅಂತ ಹೆಸರು ಬದಲಿಸಿರುತ್ತದೆ. ಒಂದು ಹೆಸರಿನಲ್ಲಿ ಹುಡುಕಿದರೆ ಇನ್ನೊಂದರಲ್ಲಿ ಆದ ಅಡಮಾನ ಕಾಣುವುದಿಲ್ಲ. ಹತ್ತಾರು ವರ್ಷ ಕೈ ಬದಲಿಸಿದ ಜಮೀನಿಗೆ ನಿಲ್ ಬಂದರೆ ಅದೇ ಅನುಮಾನಕ್ಕೆ ಕಾರಣ. ಮೂರೂ ಹೆಸರಿನಲ್ಲಿ, 30 ವರ್ಷಕ್ಕೆ ತೆಗೆಸಬೇಕು. 2004ಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಅರ್ಜಿ ಕೊಡಬೇಕಾಗುತ್ತದೆ.

ಮೂಲ ಹಕ್ಕು ಹುಡುಕುತ್ತ ಹೋದರೆ 1956ಕ್ಕಿಂತ ಹಿಂದೆ ಹೈದರಾಬಾದ್ ರಾಜ್ಯದ ಕಾಗದ ಸಿಗುತ್ತವೆ, ಉರ್ದುವಿನಲ್ಲಿ, ಫಸಲಿ ಸನ್ನಿನಲ್ಲಿ (ಹಳೆಯ ಕಂದಾಯ ವರ್ಷದಲ್ಲಿ). ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ: 1350 ಫಸಲಿ ಅಂದರೆ 1940–41. ಬಿಲ್ಡರ್ ಕೊಟ್ಟ ಕನ್ನಡ ಅನುವಾದ ಓದಿ ಸುಮ್ಮನಾಗಬಾರದು. ಮೂಲದ ದೃಢೀಕೃತ ನಕಲು ತೆಗೆಸಿ, ಉರ್ದು ಬಲ್ಲವರಿಂದ ಬೇರೆಯಾಗಿ ಓದಿಸಬೇಕು. ‘ಇನಾಂ’, ‘ವಕ್ಫ್’ ಅನ್ನುವ ಒಂದು ಪದ ಅನುವಾದದಲ್ಲಿ ಜಾರಿಹೋಗಿದ್ದರೂ ಆಸ್ತಿಯ ಜಾತಕವೇ ಬದಲಾಗುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ನಿಲ್ಲುವುದಿಲ್ಲ, ಮತ್ತು 2023ರ ತಿದ್ದುಪಡಿ ಇದಕ್ಕೆ ಕಾಲಮಿತಿ ಇಲ್ಲ ಅನ್ನುವುದರಿಂದ ‘ಬಹಳ ವರ್ಷ ಆಯ್ತು’ ಅನ್ನುವ ವಾದವನ್ನು ನಂಬಿ ಕೂರುವಂತಿಲ್ಲ. ಪಿತ್ರಾರ್ಜಿತ ಜಮೀನಾಗಿದ್ದರೆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ, ಅವರು ಸಹಿ ಹಾಕಿದ್ದಾರೆಯೇ? ಗಂಡುಮಕ್ಕಳ ಸಹಿ ಮಾತ್ರ ಇದ್ದರೆ ಮುಂದೊಂದು ದಿನ ಅಕ್ಕನೋ ತಂಗಿಯೋ ಪಾಲು ಕೇಳಿ ದಾವೆ ಹೂಡಿದಾಗ ಫ್ಲ್ಯಾಟಿನವರೂ ಪ್ರತಿವಾದಿಗಳ ಸಾಲಿನಲ್ಲಿ ನಿಲ್ಲುತ್ತಾರೆ.

ಜಮೀನು ಮಾಲೀಕ ಒಬ್ಬ, ಕಟ್ಟುವವ ಇನ್ನೊಬ್ಬ ಆಗಿದ್ದರೆ ಅವರಿಬ್ಬರ ನಡುವಿನ ಜಂಟಿ ಅಭಿವೃದ್ಧಿ ಕರಾರು ನೋಂದಣಿ ಆಗಿರಬೇಕು, ಯಾವ ಫ್ಲ್ಯಾಟ್ ಯಾರ ಪಾಲಿಗೆ ಅಂತ ಪಟ್ಟಿ ಇರಬೇಕು. ಆ ಪಟ್ಟಿ ಕೊಡಲು ಹಿಂದೆಮುಂದೆ ನೋಡಿದರೆ 304ನೇ ಫ್ಲ್ಯಾಟನ್ನು ಮಾಲೀಕನೂ ಬಿಲ್ಡರ್ರೂ ಇಬ್ಬರೂ ಮಾರುವ ಸಾಧ್ಯತೆ ಇದೆ. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಆಸ್ತಿ ಹಕ್ಕು ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಸೈಟಿಗೆ ಹಗಲು ಹೊತ್ತಿನಲ್ಲಿ ಒಮ್ಮೆ, ಸಂಜೆ ಏಳೂವರೆಗೆ ಒಮ್ಮೆ ಹೋಗಬೇಕು. ಅದೇ ಬಿಲ್ಡರ್ ಹಿಂದೆ ಕಟ್ಟಿದ ಅಪಾರ್ಟ್‌ಮೆಂಟಿನ ಮುಂದೆ ಸಂಜೆ ನಿಂತು ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಎಣಿಸಿದರೆ ಬಾಡಿಗೆ ಬೇಡಿಕೆಯ ಸತ್ಯ ಗೊತ್ತಾಗುತ್ತದೆ. 40ರಲ್ಲಿ 14 ಮಾತ್ರ ಬೆಳಗಿದರೆ ಖಾತ್ರಿ ಬಾಡಿಗೆ ಯಾಕೆ ಕೊಡುತ್ತಿದ್ದಾರೆ ಅನ್ನುವುದಕ್ಕೂ ಉತ್ತರ ಸಿಕ್ಕಂತೆ. ವಾಚ್‌ಮನ್‌ನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್? ಊರಿಗೆ ಭೀಮಾ ಮತ್ತು ಬೆಣ್ಣೆತೊರೆಯ ನೀರು ಬರುತ್ತದೆ, ಆದರೆ ಹೊಸ ಬಡಾವಣೆಯ ಪೈಪಿಗೆ ಅದು ಬಂದಿದೆಯೇ ಅನ್ನುವುದು ಬೇರೆ ಮಾತು. ಮನೆಗೆ ನಾಲ್ಕು ಮಂದಿ, ತಲೆಗೆ 135 ಲೀಟರ್ ಅಂದರೆ 40 ಮನೆಗೆ ದಿನಕ್ಕೆ 21,600 ಲೀಟರ್. ಬೋರ್ ಬತ್ತಿದರೆ 5,000 ಲೀಟರಿನ ಟ್ಯಾಂಕರ್ ನಾಲ್ಕೈದು. ಮೇಂಟೆನೆನ್ಸ್ ಎರಡು ರೂಪಾಯಿ ಅನ್ನುವ ಪಾಂಪ್ಲೆಟಿನ ಅಂಕಿ ಬೇಸಿಗೆಯಲ್ಲಿ ನಿಲ್ಲುವುದಿಲ್ಲ.

ಹಗಲಲ್ಲಿ ನೋಡಬೇಕಾದದ್ದು ಮಣ್ಣು. ಇಲ್ಲಿನ ಎರೆ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಎರೆ ದಾಟಿ ಗಟ್ಟಿ ಮುರಂ ಅಥವಾ ಕಲ್ಲಿಗೆ ಪಾಯ ಮುಟ್ಟದಿದ್ದರೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ, ನೆಲದ ಫರ್ಶಿ ಎದ್ದು ಬರುತ್ತದೆ, ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ. ಮಣ್ಣು ಪರೀಕ್ಷೆಯ ವರದಿ ಕೇಳಿ. ‘ಎಲ್ಲಾ ಎಂಜಿನಿಯರ್ ನೋಡ್ಯಾರ’ ಅಂದರೆ ವರದಿ ಇಲ್ಲ ಅಂತ ಅರ್ಥ. ಹಿಂದಿನ ಕಟ್ಟಡದ ನೆಲಮಹಡಿಯ ಗೋಡೆ ನೋಡಿದರೆ ಇನ್ನೂ ಬೇಗ ತಿಳಿಯುತ್ತದೆ. ಹೊಸ ಪೇಂಟಿನ ಕೆಳಗೂ ಬಿರುಕಿನ ಗೆರೆ ಕಾಣುತ್ತದೆ.

ಮಹಡಿ ಎಣಿಸುವುದನ್ನು ಮರೆಯಬಾರದು. ಪಾಲಿಕೆಯ ನಕ್ಷೆಯಲ್ಲಿ ನಾಲ್ಕು ಇದ್ದು ಸ್ಥಳದಲ್ಲಿ ಐದು ಇದ್ದರೆ, ‘ಹೂಡಿಕೆದಾರರಿಗೆ ವಿಶೇಷ ದರ’ದಲ್ಲಿ ಬರುವುದು ಆ ಐದನೆಯದೇ. ಅದಕ್ಕೆ ಸ್ವಾಧೀನ ಪತ್ರ ಸಿಗುವುದಿಲ್ಲ. ಆ ಪತ್ರ ಇಲ್ಲದೆ ಸಾಲ, ವಿದ್ಯುತ್, ನೀರು ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ‘ಆಮ್ಯಾಲ ಸರಿ ಮಾಡಿಸ್ತೀವ್ರಿ’ ಅನ್ನುವ ಸಮಾಧಾನ ನಡೆಯುವುದಿಲ್ಲ. 1,200 ಚದರಡಿ ಅಂದದ್ದರಲ್ಲಿ ಕಾರ್ಪೆಟ್ ಎಷ್ಟು ಅಂತಲೂ ಕರಾರಿನಲ್ಲಿ ಬರೆಸಬೇಕು. 864 ಇದ್ದರೆ ನಿಜವಾದ ದರ ಚದರಡಿಗೆ 5,556. ತೆರೆದ ಪಾರ್ಕಿಂಗ್ ಜಾಗ ಎಲ್ಲರ ಸಾಮಾನ್ಯ ಆಸ್ತಿ. ಅದನ್ನು ಬೇರೆಯಾಗಿ ಮಾರಲು ಬರುವುದಿಲ್ಲ.

ಕೊನೆಗೆ ಬಾಡಿಗೆ ಖಾತ್ರಿಯ ಕಾಗದ. ಪಾಂಪ್ಲೆಟಿನಲ್ಲಿ ಬಿಲ್ಡರ್ ಹೆಸರು, ಖಾತ್ರಿ ಕರಾರಿನಲ್ಲಿ ಬೇರೆ ಯಾವುದೋ ‘ಪ್ರಾಪರ್ಟಿ ಮ್ಯಾನೇಜ್‌ಮೆಂಟ್’ ಕಂಪನಿಯ ಹೆಸರು ಇರುವುದು ಸಾಮಾನ್ಯ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಹೆಸರು ಹಾಕಿದರೆ ಯಾವಾಗ ಹುಟ್ಟಿತು, ಬಂಡವಾಳ ಎಷ್ಟು ಅಂತ ಪುಕ್ಕಟೆಯಾಗಿ ಕಾಣುತ್ತದೆ. ಆರು ತಿಂಗಳ ಹಿಂದೆ ಒಂದು ಲಕ್ಷ ಬಂಡವಾಳದಲ್ಲಿ ಹುಟ್ಟಿದ ಕಂಪನಿ ಐವತ್ತು ಜನಕ್ಕೆ ತಿಂಗಳಿಗೆ 12 ಲಕ್ಷ ಬಾಡಿಗೆ ಎಲ್ಲಿಂದ ಕೊಡುತ್ತದೆ? ಹೊಸಬರ ಬುಕಿಂಗ್ ರೊಕ್ಕದಿಂದ. ಅದು ನಿಂತ ದಿನ ಇದೂ ನಿಲ್ಲುತ್ತದೆ. ಫ್ಲ್ಯಾಟ್ ನಂಬರನ್ನೇ ಬರೆಯದೆ ‘ಹೂಡಿಕೆ’ ಅಂತ ರಸೀದಿ ಕೊಟ್ಟು ವರ್ಷಕ್ಕಿಷ್ಟು ಲಾಭ ಅಂದರೆ ಅದು ಮನೆ ಮಾರಾಟದ ಹದ್ದು ದಾಟಿ ಠೇವಣಿ ಯೋಜನೆಯ ರೂಪಕ್ಕೆ ಬಂತು. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಇರುವುದು ಇಂಥವಕ್ಕೇ.

36 ಚೆಕ್ ಕೈಯಲ್ಲಿರುವುದರಿಂದ ಧೈರ್ಯ ತಂದುಕೊಳ್ಳುವವರಿಗೆ ಕ್ರಮ ಗೊತ್ತಿರಲಿ: ಚೆಕ್ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು, ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅವರಿಗೆ 15 ದಿನ ಅವಕಾಶ, ಅದಾದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಒಂದು ಗಡುವು ತಪ್ಪಿದರೂ ಆ ಚೆಕ್ಕಿನ ಕೇಸು ಬಿದ್ದುಹೋಗಬಹುದು. ಕರಾರಿನ ಒಳಗೆ ಇನ್ನೆರಡು ಸಾಲು ಹುಡುಕಬೇಕು. ಬಾಡಿಗೆ ಶುರುವಾಗುವುದು ಯಾವ ದಿನದಿಂದ? ‘ಸ್ವಾಧೀನ ಪತ್ರ ಬಂದ ನಂತರ’ ಅಂತ ಇದ್ದು ಆ ಪತ್ರ ಬರುವ ದಿನವೇ ನಿಗದಿ ಇಲ್ಲದಿದ್ದರೆ ಖಾತ್ರಿ ಎಂದೂ ಶುರುವಾಗದೆ ಇರಬಹುದು. ‘ಬಾಡಿಗೆದಾರರು ಸಿಕ್ಕಲ್ಲಿ’ ಅನ್ನುವ ನಾಲ್ಕನೇ ಪುಟದ ಪದ ಮೊದಲ ಪುಟದ ಖಾತ್ರಿಯನ್ನು ನುಂಗಿಹಾಕುತ್ತದೆ. ತಡವಾದರೆ ರೊಕ್ಕ ಬಡ್ಡಿ ಸಮೇತ ವಾಪಸ್ ಪಡೆಯುವ ಅಥವಾ ಫ್ಲ್ಯಾಟ್ ಸಿಗುವವರೆಗೆ ತಿಂಗಳ ಬಡ್ಡಿ ಪಡೆಯುವ ಹಕ್ಕು ರೇರಾ 18ನೇ ಕಲಂನಲ್ಲಿದೆ. ಕರ್ನಾಟಕದ ನಿಯಮದಲ್ಲಿ ಆ ಬಡ್ಡಿ, ಸಾಲದ ಮೂಲ ದರವಾದ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ಮೇಲೆ 2%. ಕರಾರಿನಲ್ಲಿ ‘ಚದರಡಿಗೆ ತಿಂಗಳಿಗೆ 3 ರೂಪಾಯಿ ಪರಿಹಾರ’ ಅಂತ ಬರೆದು ಇದನ್ನು ಮರೆಸಲು ನೋಡುತ್ತಾರೆ.

ರೊಕ್ಕ ಕೊಡುವ ಮಾತು ಬಂದರೆ: ನೋಂದಾಯಿತ ಮಾರಾಟ ಕರಾರು ಆಗುವ ಮುನ್ನ ಬೆಲೆಯ 10% ಮೀರಿ ತೆಗೆದುಕೊಳ್ಳುವಂತಿಲ್ಲ, ಇಲ್ಲಿ 4.8 ಲಕ್ಷ. ಸ್ಥಿರಾಸ್ತಿಗೆ 20,000 ಅಥವಾ ಮೇಲ್ಪಟ್ಟು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ಐವತ್ತು ಸಾವಿರ ಬಯಾನಾವನ್ನು ಕೈಯಲ್ಲಿ ಕೇಳುವವನು ಮೊದಲ ದಿನವೇ ತನ್ನ ನಡತೆ ತೋರಿಸಿದಂತೆ. ಬಯಾನಾ ಕೊಡಲೇಬೇಕಾದರೆ ರೇರಾ ಪುಟದಲ್ಲಿ ಬರೆದುಕೊಂಡ ಅದೇ ಖಾತೆಗೆ ಎನ್‌ಇಎಫ್‌ಟಿ ಇಲ್ಲವೇ ಚೆಕ್ ಮೂಲಕ ಕೊಡಬೇಕು. ರಸೀದಿಯಲ್ಲಿ ಫ್ಲ್ಯಾಟ್ ನಂಬರ್, ಮಹಡಿ, ಕಾರ್ಪೆಟ್ ಅಳತೆ, ಒಟ್ಟು ಬೆಲೆ ಇರಬೇಕು. ‘ಯಾವುದೇ ಕಾರಣಕ್ಕೂ ಮರಳಿಸಲಾಗುವುದಿಲ್ಲ’ ಅನ್ನುವ ಅಚ್ಚಾದ ಸಾಲನ್ನು ಹೊಡೆದುಹಾಕಿಸಿ, ‘ದಾಖಲೆ ಅಥವಾ ಬ್ಯಾಂಕ್ ಸಾಲ ಒಪ್ಪಿತವಾಗದಿದ್ದರೆ 15 ದಿನದೊಳಗೆ ಪೂರ್ತಿ ವಾಪಸ್’ ಅಂತ ಕೈಬರಹದಲ್ಲಿ ಬರೆಸಿ, ಅದರ ಪಕ್ಕದಲ್ಲೇ ಬಿಲ್ಡರ್‌ನ ಸಹಿ, ಸಿಕ್ಕಾ ಹಾಕಿಸಬೇಕು. ಏಜೆಂಟನ ಸಹಿ ನಡೆಯುವುದಿಲ್ಲ.